ನಲವತ್ತು ಚೀಟಿಯಲ್ಲಿ ಮೂವತ್ತೇಳು

ಕಾಗದದ ಮೇಲೆ ನಾನು ಮುಖ್ಯ ಕಾರ್ಯನಿರ್ವಹಣಾಧಿಕಾರಿ. ಇಷ್ಟುದ್ದದ ಹೆಸರನ್ನು ಒಂದೇ ಉಸಿರಿಗೆ ಹೇಳುವವರು ಮುರಗೋಡದಲ್ಲಿ ಯಾರೂ ಇಲ್ಲ, ಆದ್ದರಿಂದ ಊರು ನನ್ನನ್ನು ರೊಟ್ಟಿ ಭಾಗೀರಥಿ ಎನ್ನುತ್ತದೆ. ಸಿಟ್ಟಿನವಳು ಎಂದೂ ಅನ್ನುತ್ತದೆ. ಎರಡೂ ಸುಳ್ಳಲ್ಲ. ಹದಿನಾಲ್ಕು ವರ್ಷದ ಹಿಂದೆ ನಾನೂ ಶೆಟ್ಟೆವ್ವನೂ ಎರಡು ಒಲೆ ಹೂಡಿ ಕಡಕ್ ರೊಟ್ಟಿ ಬಡಿಯಲು ಕೂತೆವು. ಈಗ ಅದು ನಲವತ್ತೆರಡು ಹೆಂಗಸರ ಕಂಪನಿ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ ಬೆಳಗಾವಿ, ಹುಬ್ಬಳ್ಳಿಯ ಅಂಗಡಿಗಳ ತನಕ ಹೋಗುತ್ತವೆ. ಹೋಗುವ ಮುಂಚೆ ಪ್ರತಿ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ನಾನು ಕಡಿದು ನೋಡಬೇಕು. ಕಟ್ ಎಂದು ಸಪ್ಪಳ ಬಂದರೆ ಬುಟ್ಟಿ ಗಾಡಿ ಏರುತ್ತದೆ, ಇಲ್ಲದಿದ್ದರೆ ಇಲ್ಲ. ನನ್ನ ಹಲ್ಲು ಮುಟ್ಟದ ಬುಟ್ಟಿ ಊರ ಅಗಸಿ ಬಾಗಿಲು ದಾಟಿದ್ದೇ ಇಲ್ಲ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ. ಕೇಳದವರಿಗೂ ಹೇಳುತ್ತಿದ್ದೆ.

ಎರಡು ವರ್ಷದಿಂದ ನಾವು ನಾಲ್ಕು ಜನ ತಿಂಗಳಿಗೊಮ್ಮೆ, ಎರಡನೇ ಶನಿವಾರ, ಕೂಡುತ್ತೇವೆ. ನಾಲ್ವರೂ ಉದ್ದ ಹೆಸರಿನ ಅಧಿಕಾರಿಗಳೇ. ಬೈಲಹೊಂಗಲದ ಮಲಕಾಜಪ್ಪನವರದು ರೈತರ ಬೀಜದ ಕಂಪನಿ. ರಾಮದುರ್ಗದ ರಾಮಲಿಂಗಪ್ಪನವರದು ನೇಕಾರರ ಸಂಘ. ಕಿತ್ತೂರಿನ ಕೃಷ್ಣಾಜಿಯವರದು ಹೆದ್ದಾರಿಯ ಮಗ್ಗುಲಲ್ಲಿ ಮಸಾಲೆ ಖಾರದ ಕಾರ್ಖಾನೆ. ಅವರ ಮನೆತನ ಪುರಾಣ ಹೇಳುವವರದು, ಅದಕ್ಕೇ ಮೆಣಸಿನಕಾಯಿ ವಿಷಯಕ್ಕೂ ಅವರ ಬಾಯಲ್ಲಿ ಪ್ರವಚನದ ಧಾಟಿ ಬರುತ್ತದೆ. ಒಂದೊಂದು ತಿಂಗಳು ಒಬ್ಬೊಬ್ಬರ ಊರು, ಯಾರ ಊರೋ ಅವರದೇ ಊಟ. ಕಷ್ಟಸುಖ ಹೇಳಿಕೊಳ್ಳಲು ಕೂಡುತ್ತೇವೆ ಎಂದು ಹೆಸರು. ನಿಜ ಹೇಳಬೇಕೆಂದರೆ ಕಷ್ಟ ಹೇಳಿಕೊಳ್ಳುವವರು ಒಬ್ಬರು, ಬುದ್ಧಿ ಹೇಳುವವರು ಮೂವರು. ನಾನು ಗಿರಣಿ ಕೆಟ್ಟಿದೆ ಎಂದರೆ ಸಾಕು, ಮಲಕಾಜಪ್ಪನವರು ಗಿರಣಿಗೆ, ಕರೆಂಟಿಗೆ, ನನ್ನ ಮಗನ ಮದುವೆಗೆ, ನನ್ನ ಮಂಡಿನೋವಿಗೆ ಒಂದೊಂದು ಉಪಾಯ ಕೊಟ್ಟೇ ಏಳುತ್ತಿದ್ದರು.

ಆ ತಿಂಗಳು ರಾಮದುರ್ಗದ ಸರದಿ. ನೇಕಾರರ ಸಂಘದ ಸಭಾಂಗಣದಲ್ಲಿ ಧಾರವಾಡದ ಹರಿಪ್ರಿಯಾ ಎಂಬ ಹುಡುಗಿ ಬಂದು ಕೂತಿದ್ದಳು. ಒಂದು ಸಂಸ್ಥೆಯ ಒಳಗೆ ಯಾರ ಕೈಯಲ್ಲಿ ಏನಿರಬೇಕು, ಅದರ ರಚನೆ ಹೇಗಿರಬೇಕು ಎಂಬುದನ್ನೇ ಓದಿ, ಅದನ್ನೇ ಕಸುಬು ಮಾಡಿಕೊಂಡವಳು. ಕೃಷ್ಣಾಜಿಯವರು ಕರೆಸಿದ್ದರು. ಮೊದಲು ಆಕೆ ಒಬ್ಬೊಬ್ಬ ಯಜಮಾನರ ಬಳಿಗೂ ಹೋಗಿ ಇದನ್ನೆಲ್ಲ ಹೇಳುತ್ತಿದ್ದಳಂತೆ. ಅವರು ಚಹಾ ಕುಡಿಸಿ, ತಲೆ ಆಡಿಸಿ, ಬಾಗಿಲ ತನಕ ಬಂದು ಕಳಿಸಿ, ಮರುದಿನ ಹಿಂದಿನ ಹಾಗೇ ಇರುತ್ತಿದ್ದರಂತೆ. ಕೊನೆಗೆ ಆಕೆಗೆ ಒಂದು ಮಾತು ತಿಳಿಯಿತಂತೆ: ಯಜಮಾನರು ಮಾಸ್ತರರ ಮಾತು ಕೇಳುವವರಲ್ಲ, ಇನ್ನೊಬ್ಬ ಯಜಮಾನರ ಮಾತನ್ನಾದರೆ ಅಷ್ಟಿಷ್ಟು ಕೇಳುತ್ತಾರೆ. ಆದ್ದರಿಂದ ತಾನು ಒಮ್ಮೆ ತೋರಿಸಿ ಸುಮ್ಮನಾಗುತ್ತೇನೆ, ಮುಂದೆ ನೀವು ನೀವೇ ಒಬ್ಬರಿಗೊಬ್ಬರು ನೋಡಿಕೊಳ್ಳಿ ಎಂದಳು. ನನಗೆ ನಗು ಬಂತು. ನಾವು ನಾಲ್ವರು ಒಬ್ಬರಿಗೊಬ್ಬರು ನೋಡಿಕೊಂಡಿದ್ದರೆ ಈಕೆ ಬಸ್ಸು ಹತ್ತಿ ಬರುವ ಕೆಲಸವೇ ಇರಲಿಲ್ಲ.

ಮೊದಲಿಗೆ ಒಂದೊಂದು ದೊಡ್ಡ ಹಾಳೆ ಕೊಟ್ಟು, ನಿಮ್ಮ ನಿಮ್ಮ ಕಂಪನಿಯಲ್ಲಿ ಯಾರ ಮೇಲೆ ಯಾರು ಎಂದು ಬರೆಯಿರಿ ಎಂದಳು. ನಾಲ್ವರೂ ತಲೆ ಬಗ್ಗಿಸಿ ಬರೆದೆವು. ಮಲಕಾಜಪ್ಪನವರು ತುದಿಗೆ ಮಠದ ಅಜ್ಜಾರನ್ನು ಬರೆದರು. ಕೆಳಗೆ ಅಧ್ಯಕ್ಷರು, ಅವರು ಆಗಸ್ಟ್ ಹದಿನೈದಕ್ಕೆ ಝೇಂಡಾ ಹಾರಿಸಲು ಬರುವವರು. ಅವರ ಕೆಳಗೆ ತಮ್ಮ ಸೋದರಮಾವ, ಏಕೆಂದರೆ ಮಾವ ಗೋದಾಮಿನ ಕಾವಲಿಗಿದ್ದರೂ ಮಾವನೇ. ಆಮೇಲೆ ತಮ್ಮ ಹೆಸರು. ರಾಮಲಿಂಗಪ್ಪನವರ ಹಾಳೆಯ ತುದಿಯಲ್ಲಿ ಸಂಘ ಕಟ್ಟಿದ ಹಿರಿಯರಿದ್ದರು. ಅವರು ತೀರಿ ಎಂಟು ವರ್ಷವಾಗಿತ್ತು. ಕೃಷ್ಣಾಜಿಯವರು ಎಲ್ಲರಿಗಿಂತ ಮೇಲೆ ಲಕ್ಷ್ಮೀ ವೆಂಕಟೇಶನನ್ನು ಕೂರಿಸಿ ನಿಶ್ಚಿಂತರಾಗಿದ್ದರು. ನಾನು ಶೆಟ್ಟೆವ್ವನನ್ನು ನನ್ನ ಮೇಲೆ ಬರೆದಿದ್ದೆ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವಳ ತಲೆಯ ಮೇಲೆ ನನ್ನ ಹೆಸರು ಬರೆಯಲು ಕೈ ಬರುತ್ತದೆಯೇ?

ಹರಿಪ್ರಿಯಾ ನಾಲ್ಕೂ ಹಾಳೆಯನ್ನು ನೆಲದ ಮೇಲೆ ಹರವಿ ಬಹಳ ಹೊತ್ತು ನೋಡಿದಳು.

“ಭಾಳ ಚಂದ ಅವ. ಇದರಾಗ ನಿನ್ನೆ ಕೆಲಸ ಮಾಡಿದವರು ಯಾರ‍್ಯಾರು ಇದ್ದಾರ, ಅಷ್ಟು ತೋರಸ್ರಿ.”

ಕೆಲಸ ಮಾಡಿದವರ ಹೆಸರು ಬರೆಯಲು ಯಾರ ಹಾಳೆಯಲ್ಲೂ ಜಾಗ ಉಳಿದಿರಲಿಲ್ಲ.

ಹಿರಿತನ ಬೇರೆ, ನಿರ್ಧಾರ ಬೇರೆ ಎಂದು ಆಕೆ ಮೆಲ್ಲಗೆ ಬಿಡಿಸಿ ಹೇಳಿದಳು. ಹಿರಿಯರಿಗೆ ನಮಸ್ಕಾರ ಇರಲಿ, ಆದರೆ ಕಂಪನಿ ನಡೆಯುವುದು ದಿನಾಲೂ ತೆಗೆದುಕೊಳ್ಳುವ ಸಣ್ಣ ಸಣ್ಣ ನಿರ್ಧಾರಗಳ ಮೇಲೆ. ಅದಕ್ಕೆ ಆಕೆಯ ಪದ್ಧತಿ ಹೀಗೆ: ಒಂದು ತಿಂಗಳಲ್ಲಿ ಆದ ನಲವತ್ತು ನಿರ್ಧಾರಗಳನ್ನು ನಲವತ್ತು ಚೀಟಿಗಳಲ್ಲಿ ಬರೆಯಬೇಕು. ನಿಜವಾಗಿ ಯಾರು ಮಾಡಿದರೋ ಅವರ ಹೆಸರಿನ ಕೆಳಗೆ ಇಡಬೇಕು. ಆಮೇಲೆ ಒಂದೊಂದೇ ಚೀಟಿ ಹಿಡಿದು, ಈ ಕೆಲಸ ಎಲ್ಲರಿಗಿಂತ ಹತ್ತಿರದಿಂದ ಬಲ್ಲವರು ಯಾರು ಎಂದು ಕೇಳಿ, ಚೀಟಿಯನ್ನು ಅವರ ಕಡೆಗೆ ಸರಿಸಬೇಕು. ಗುಂಪಿಗೆ ಇನ್ನೊಂದು ನಿಯಮ: ಒಬ್ಬರು ತಮ್ಮ ಚೀಟಿ ತೋರಿಸುವಾಗ ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು, ಬುದ್ಧಿ ಹೇಳಕೂಡದು. ಹೇಳಿದವರು ಎಲ್ಲರ ಚಹಾದ ಕಪ್ಪು ತೊಳೆಯಬೇಕು. ನಿಯಮ ಹೇಳಿ ಮುಗಿಯುವ ಮುನ್ನವೇ ಮಲಕಾಜಪ್ಪನವರು, ಚೀಟಿ ಬೇಡ, ವಹಿಯಲ್ಲಿ ಬರೆಯುವುದು ಚಲೋ ಎಂದರು. ಆ ಮಧ್ಯಾಹ್ನ ಅವರು ಎರಡು ಸಲ ಕಪ್ಪು ತೊಳೆದರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಮನೆಯಲ್ಲಿ ಒಂದೂ ತೊಳೆದಿಲ್ಲ ಎಂದು ಅವರೇ ಹೇಳಿಕೊಂಡರು, ಅದೂ ಹೆಮ್ಮೆಯಿಂದ.

ಮುಂದಿನ ತಿಂಗಳು ಕಿತ್ತೂರಿನಲ್ಲಿ, ಕೃಷ್ಣಾಜಿಯವರ ಕಾರ್ಖಾನೆಯ ಆಫೀಸಿನಲ್ಲಿ ಚೀಟಿ ಹರವಿದೆವು. ಖಾರದ ಘಾಟಿಗೆ ನಾಲ್ವರೂ ಸೀನುತ್ತಿದ್ದೆವು. ಮಲಕಾಜಪ್ಪನವರ ಚೀಟಿಗಳಲ್ಲಿ ಅರ್ಧ ಅಧ್ಯಕ್ಷರ ಹೆಸರಿನ ಕೆಳಗಿದ್ದವು, ಪಾಪ, ಅಧ್ಯಕ್ಷರಿಗೆ ಅದು ಗೊತ್ತೇ ಇರಲಿಲ್ಲ. ರಾಮಲಿಂಗಪ್ಪನವರು ಇಪ್ಪತ್ತು ಚೀಟಿಗಳನ್ನು ಯಾರ ಹೆಸರಿಗೂ ಹಾಕದೆ, ಅವು ತಾವಾಗೇ ಆದವು ಎಂದರು. ನನ್ನ ನಲವತ್ತರಲ್ಲಿ ಮೂವತ್ತೇಳು ನನ್ನ ಹೆಸರಿನ ಕೆಳಗೇ ಬಿದ್ದವು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ದುಡಿಮೆ ಎಂದರೆ ಹೀಗಿರಬೇಕು, ನೋಡಿಕೊಳ್ಳಲಿ ಈ ಗಂಡಸರು ಎಂದು ನನ್ನ ಮನಸ್ಸಿನಲ್ಲಿತ್ತು. ಉಳಿದ ಮೂರು ಮಂಜುಳಾಳ ಹೆಸರಿಗಿದ್ದವು: ಮಧ್ಯಾಹ್ನದ ಸಾರಿಗೆ ಯಾವ ಬೇಳೆ, ಕಸಬರಿಗೆ ಎಲ್ಲಿಡಬೇಕು, ಕುಡಿಯುವ ನೀರಿನ ಕೊಡ ಯಾವಾಗ ತೊಳೆಯಬೇಕು.

ಈ ಮಂಜುಳಾ ನನ್ನ ಕಂಪನಿಯಲ್ಲಿ ಒಂಬತ್ತು ವರ್ಷದಿಂದ ಇದ್ದಾಳೆ. ನಲವತ್ತು ಒಲೆಯ ನಡುವೆ ಕಣ್ಣು ಮುಚ್ಚಿ ನಿಂತರೂ ಬಡಿಯುವ ಸಪ್ಪಳದಿಂದಲೇ ಯಾರ ಕೈ ಎಂದು ಹೇಳುವಳು. ಹಿಟ್ಟು ಹದ ತಪ್ಪಿದ್ದು ನನಗಿಂತ ಮೊದಲು ಅವಳಿಗೆ ತಿಳಿಯುತ್ತದೆ. ಅವಳು ಇಲ್ಲದ ದಿನ ನನಗೆ ಕೈ ಮುರಿದಂತೆ. ಇದನ್ನು ಅವಳಿಗೆ ಎಂದೂ ಹೇಳಿರಲಿಲ್ಲ, ಹೇಳಿದರೆ ತಲೆಗೇರೀತು ಎಂದು.

ಅಷ್ಟರಲ್ಲಿ ನನಗೆ ಫೋನು ಬಂತು. ಗಾಡಿ ಓಡಿಸುವ ಅರ್ಜುನ. ಬುಟ್ಟಿಗಳು ಹತ್ತು ಗಂಟೆಗೇ ತಯಾರಾಗಿವೆ, ನೀವು ಕಡಿದು ನೋಡಿಲ್ಲ, ಏರಿಸಲೋ ಬೇಡವೋ ಎಂದು ಕೇಳಿದ. ಸಂಜೆ ನಾನು ಬರುವ ತನಕ ಇರಲಿ ಎಂದೆ. ಫೋನು ಇಟ್ಟು ನೋಡಿದರೆ ಮೂವರೂ ನನ್ನನ್ನೇ ನೋಡುತ್ತಿದ್ದರು. ಮಲಕಾಜಪ್ಪನವರ ಬಾಯಲ್ಲಿ ಒಂದು ಉಪಾಯ ಕುದಿಯುತ್ತಿತ್ತು, ಕಪ್ಪಿನ ನೆನಪಾಗಿ ನುಂಗಿಕೊಂಡರು. ರಾಮಲಿಂಗಪ್ಪನವರು ಮಾತ್ರ ಬಹಳ ನಯವಾಗಿ, ನೀವು ನೆಗಡಿಯಾಗಿ ಮಲಗಿದರೆ ಬೆಳಗಾವಿಯವರು ಉಪವಾಸವೇ ಅಕ್ಕಾರ, ಎಂದು ಕೇಳಿದರು. ಅದು ಪ್ರಶ್ನೆಯೇ ಆಗಿದ್ದರಿಂದ ಕಪ್ಪು ತೊಳೆಸುವ ಹಾಗೂ ಇರಲಿಲ್ಲ. ನನಗೆ ಮೈ ಉರಿಯಿತು. ನಿಮ್ಮ ಮಗ್ಗದ ದಾರದ ಹಾಗೆ ತಾನಾಗೇ ಆಗುವುದಲ್ಲ ನನ್ನ ರೊಟ್ಟಿ ಎಂದು ಅಂದುಬಿಟ್ಟೆ.

ಕೃಷ್ಣಾಜಿಯವರು ಆ ತನಕ ಒಂದು ಮಾತೂ ಆಡಿರಲಿಲ್ಲ. ಅವರು ಸುಮ್ಮನಿರುವುದೆಂದರೆ ಗ್ರಹಣ ಹಿಡಿದ ಹಾಗೆ. ಕನ್ನಡಕ ತೆಗೆದು ಒರೆಸಿ, ತಮ್ಮ ಚೀಟಿಯ ಸರದಿ ಬಂದಾಗ ಒಂದೇ ಚೀಟಿ ಮುಂದಿಟ್ಟರು. ಕಾರ್ಖಾನೆಯ ಉಸ್ತುವಾರಿಗೆ ಒಬ್ಬರನ್ನು ತೆಗೆದುಕೊಳ್ಳುವ ವಿಚಾರ.

“ಒಬ್ಬಾಕಿ ಬಂದು ಕೆಲಸ ಕೇಳ್ಯಾಳ್ರಿ. ಭಾಳ ಶಾಣ್ಯಾ ಇದ್ದಾಳ. ಭಾಗೀರಥಕ್ಕಾರ, ಆಕಿ ನಿಮ್ಮ ಮಂಜುಳಾ.”

ಸೀನುವುದೂ ನಿಂತಿತು. ನಮ್ಮ ಗುಂಪಿನವರ ಹತ್ತಿರ ಇದನ್ನು ಮುಚ್ಚಿಡಲಾರೆ ಎಂದು ತಾವು ಅವಳಿಗೆ ಮೊದಲೇ ಹೇಳಿದ್ದಾಗಿಯೂ, ಮುಚ್ಚಿಡಬೇಡಿರಿ ಎಂದೇ ಅವಳು ಅಂದದ್ದಾಗಿಯೂ ಹೇಳಿದರು. ಮುಂದಿನ ಶನಿವಾರದೊಳಗೆ ಅವಳು ಬರುತ್ತೇನೆ ಎಂದೋ ಇಲ್ಲ ಎಂದೋ ಹೇಳಬೇಕಾಗಿತ್ತು. ಆಮೇಲೆ ಇನ್ನೊಂದು ಮಾತು ಹೇಳಲೋ ಬೇಡವೋ ಎಂದು ತಡೆದು, ಹೇಳಿಯೇಬಿಟ್ಟರು.

“ಆಕಿ ಅಂದ ಹಾಂಗ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ‘ನಾ ಹೇಳಿದ್ರ ಅಕ್ಕಾರಿಗೆ ಕೇಳಸೂದಿಲ್ಲ, ನೀವು ಹೇಳಿದ್ರ ಕೇಳಸಬಹುದು’ ಅಂದ್ಳು.”

ಒಂಬತ್ತು ವರ್ಷ ನನ್ನ ಕಣ್ಣೆದುರಿಗೆ ಓಡಾಡಿದವಳು ಒಂದು ಮಾತು ಮುಟ್ಟಿಸಲು ಕಿತ್ತೂರಿನ ತನಕ ಹೋಗಬೇಕಾಯಿತು. ಈಗ ಏನು ಮಾಡಲಿ ಎಂದು ಮೂವರನ್ನೂ ಕೇಳಿದೆ. ಎರಡು ವರ್ಷದಲ್ಲಿ ಮೊದಲ ಸಲ ನನಗೆ ನಿಜವಾಗಿ ಬುದ್ಧಿಮಾತು ಬೇಕಾಗಿತ್ತು, ಒಬ್ಬರೂ ಕೊಡಲಿಲ್ಲ. ಮಲಕಾಜಪ್ಪನವರಂಥ ಮಲಕಾಜಪ್ಪನವರೇ ಪ್ರಶ್ನೆ ಕೇಳಿದರು: ಅವಳು ನಿಮಗೆ ಏನು ಹೇಳಿದ್ದಳು, ನಿಮಗೆ ಏನು ಕೇಳಿಸಲಿಲ್ಲ?

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಬಸ್ಸಿನಲ್ಲಿ ನಿಂತೇ ಬಂದೆ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಅಡ್ಡ ಬಂದು ಬಸ್ಸು ನಿಂತು ನಿಂತು ಹೋಗುತ್ತಿತ್ತು, ನನಗೆ ಯೋಚಿಸಲು ಬೇಕಾದಷ್ಟು ಹೊತ್ತು ಸಿಕ್ಕಿತು. ಅವಳು ಹೇಳಿದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ಸಲ ಹೇಳಿದ್ದಳು. ಶೆಟ್ಟೆವ್ವನ ಮಣಿಕಟ್ಟು ಸೋತು ಮೂರು ವರ್ಷವಾಯಿತು. ಅವಳ ರೊಟ್ಟಿ ಈಗ ನಡುವೆ ದಪ್ಪ, ಅಂಚಿನಲ್ಲಿ ತೆಳು. ಅಂಚು ಮುರಿಯುತ್ತದೆ, ನಡುವೆ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ಹುಬ್ಬಳ್ಳಿಯಿಂದ ಪೊಟ್ಟಣ ತಿರುಗಿ ಬಂದಾಗಲೆಲ್ಲ ಮಂಜುಳಾ ಅದನ್ನು ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದಳು. ಮರುದಿನ ನಾನು ಶೆಟ್ಟೆವ್ವನ ಬುಟ್ಟಿಗೆ ಕೈ ಹಾಕಿ, ಒಂದು ರೊಟ್ಟಿ ಕಡಿದು, ಚಲೋ ಆಗ್ಯಾವು ಎಂದು ಗಾಡಿಗೆ ಏರಿಸುತ್ತಿದ್ದೆ. ಸಪ್ಪಳ ಬರುತ್ತಿರಲಿಲ್ಲ. ನನ್ನ ಹಲ್ಲಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಮೊದಲ ಒಲೆ ಹೂಡಿದವಳಿಗೆ ಒಲೆಯ ಮುಂದಿನಿಂದ ಏಳು ಎನ್ನಲು ಯಾವ ಬಾಯಿಂದ ಸಾಧ್ಯ?

ಸೋಮವಾರ ಬೆಳಿಗ್ಗೆ ನಲವತ್ತೂ ಚೀಟಿ ಹಿಡಿದು ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿದೆ. ಇನ್ನು ಮುಂದೆ ನಿಮ್ಮ ನಿಮ್ಮ ಕೆಲಸದ ನಿರ್ಧಾರ ನೀವೇ ತೆಗೆದುಕೊಳ್ಳಬೇಕು, ಇದು ನನ್ನ ಆರ್ಡರು ಎಂದೆ. ಸಜ್ಜೆ ರೊಟ್ಟಿಯ ಬೀರವ್ವ, ತೆಗೆದುಕೊಳ್ಳದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದಳು. ಬೈತೇನಿ ಎಂದೆ. ನಾನೇ ಒಂದೊಂದು ಚೀಟಿ ಓದಿ, ಇದು ನಿನಗೆ, ಇದು ನಿನಗೆ ಎಂದು ಹಂಚತೊಡಗಿದೆ. ಹೆಂಗಸರು ಪ್ರಸಾದ ತೆಗೆದುಕೊಂಡ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು.

ಮಂಜುಳಾ ಕೈ ಚಾಚಲಿಲ್ಲ.

“ಯಾವ ಚೀಟಿ ಯಾರಿಗಂತ ನೀವ ಹಂಚಿದ್ರ, ಮೂವತ್ತೆಂಟನೇದೂ ನಿಮ್ಮದ ಆತಲ್ರಿ ಅಕ್ಕಾರ,” ಎಂದಳು.

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಚೀಟಿಗಳನ್ನೆಲ್ಲ ತಿರುಗಿ ಇಸಿದುಕೊಂಡು ಅವಳ ಕೈಗೆ ಕೊಟ್ಟೆ. ಅವಳು ಒಂದು ಹಳೆಯ ಧೋತರ ಹಾಸಿ ಚೀಟಿಗಳನ್ನು ಹರವಿದಳು. ಓದಲು ಬರುವವರು ಬಾರದವರಿಗೆ ಓದಿ ಹೇಳಿದರು. ಯಾರ ಕೆಲಸವೋ ಅವರೇ ಆರಿಸಿಕೊಳ್ಳಲಿ ಎಂದಳು. ಜೋಳ ಎಷ್ಟು ಬೀಸಬೇಕು ಎಂಬುದನ್ನು ಹಿಟ್ಟಿನ ಕೋಣೆಯ ರಾಮವ್ವ ತೆಗೆದುಕೊಂಡಳು. ಗಾಡಿಯ ವೇಳೆ ಅರ್ಜುನನಿಗೆ ಹೋಯಿತು. ಯಾರಿಗೆ ಯಾವಾಗ ರಜೆ ಎಂಬ ಚೀಟಿಗೆ ಸಣ್ಣ ಜಗಳವೇ ಆಯಿತು. ಅರ್ಧ ತಾಸಿನಲ್ಲಿ ಧೋತರದ ಮೇಲೆ ಒಂದೇ ಚೀಟಿ ಉಳಿಯಿತು: ಯಾರ ಬುಟ್ಟಿ ಹೋಗಬೇಕು, ಯಾರದು ಬೇಡ. ಅದನ್ನು ಯಾರೂ ಮುಟ್ಟಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಅಂಗಳದ ಗಿಡದ ಕಡೆ ನೋಡಿದೆ. ಮಂಜುಳಾ ಅದನ್ನು ಎತ್ತಿಕೊಂಡು ಎದ್ದಳು.

ನೆಟ್ಟಗೆ ಶೆಟ್ಟೆವ್ವನ ಒಲೆಯ ಕಡೆಗೇ ಹೋದಳು. ನಾನು ಹಿಂಡಿಯ ಡಬ್ಬಿ ಎಣಿಸುವ ನೆಪದಲ್ಲಿ ಹಿಂದೆಯೇ ಹೋದೆ. ಏನಾದರೂ ಅಂದುಬಿಟ್ಟರೆ ನಡುವೆ ಬೀಳಬೇಕು ಎಂದು ಸಿದ್ಧವಾಗೇ ನಿಂತಿದ್ದೆ. ಅವಳು ಏನೂ ಅನ್ನಲಿಲ್ಲ. ಶೆಟ್ಟೆವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳದೇ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಕೈಗೆ ಕೊಟ್ಟು, ಆಯಿ, ಇದು ಹೋಗಬಹುದೇನು, ನೀವೇ ನೋಡಿ ಹೇಳಿರಿ ಎಂದು ಕೇಳಿದಳು. ಇಷ್ಟೇ. ಮೂರು ವರ್ಷದಲ್ಲಿ ನಾನು ಕೇಳದೇ ಬಿಟ್ಟದ್ದು ಇದೊಂದೇ.

ಶೆಟ್ಟೆವ್ವ ರೊಟ್ಟಿಯನ್ನು ಬೆಳಕಿಗೆ ಹಿಡಿದಳು, ನಡುವೆ ಹೆಬ್ಬೆರಳು ಒತ್ತಿದಳು, ಬದಿಗಿಟ್ಟಳು. ಇದು ದನಕ್ಕೆ ಎಂದಳು. ಆಮೇಲೆ ಡಬ್ಬಿಗಳ ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿದಳು.

“ನನ್ನ ಕೈ ಸೋತಿದ್ದು ನನಗ ಗೊತ್ತಿಲ್ಲೇನ ಭಾಗೀರಥಿ? ನೀ ಯಾವಾಗ ಹೇಳ್ತಿ ಅಂತ ಮೂರು ವರ್ಷದಿಂದ ಕಾಯಾಕತ್ತೇನಿ. ನೀ ನೋಡಿದ್ರ ದಿನಾ ಚಲೋ ಅದಾವು ಅಂತ ತಿಂತಿ. ಪಾಪ, ಇಷ್ಟು ಪ್ರೀತಿಲೇ ತಿನ್ನಾಕತ್ತಾಳ, ಹೆಂಗ ಬಿಡ್ಲಿ ಅಂತ ಬಡಕೊಂತ ಕುಂತೇನಿ.”

ನಾನು ಅವಳ ಮರ್ಯಾದೆ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ, ಅವಳು ನನ್ನ ಮರ್ಯಾದೆ ಕಾಯುತ್ತಿದ್ದಳು. ಈ ಕಾಯುವುದರ ನಡುವೆ ಮಂಜುಳಾ ಕಿತ್ತೂರಿನ ದಾರಿ ಹಿಡಿದಿದ್ದಳು. ನನಗೆ ನಾಚಿಕೆಯಾಯಿತು, ನಗುವೂ ಬಂತು, ಯಾವುದು ಮೊದಲು ಬಂತೋ ಹೇಳಲಾರೆ. ಮಂಜುಳಾ ತನ್ನ ಕೈಯಲ್ಲಿದ್ದ ಚೀಟಿಯನ್ನು ಶೆಟ್ಟೆವ್ವನ ಮುಂದೆ ಇಟ್ಟು, ಕೈ ಸೋತಿದ್ದರೂ ಕಣ್ಣು ಸೋತಿಲ್ಲವಲ್ಲ ಆಯಿ, ಈ ಕೆಲಸ ನಿಮಗಿಂತ ಯಾರು ಬಲ್ಲರು, ಬುಟ್ಟಿ ನೋಡುವವರು ನೀವೇ ಆಗುತ್ತೀರೇನು ಎಂದು ಕೇಳಿದಳು. ಶೆಟ್ಟೆವ್ವ ಕೂಡಲೇ ಹೂಂ ಅನ್ನಲಿಲ್ಲ. ಕೂಡ್ರಲು ಒಂದು ಎತ್ತರದ ಮಣೆ ಬೇಕು, ಯಾರ ಬುಟ್ಟಿ ಎಂದು ಯಾರೂ ಹೇಳಬಾರದು, ಭಾಗೀರಥಿ ಅತ್ತ ಕಡೆ ಸುಳಿಯಬಾರದು ಎಂದು ಮೂರು ಕರಾರು ಹಾಕಿ ಒಪ್ಪಿದಳು.

ಆ ವಾರ ನನಗೆ ಮಾಡಲು ಕೆಲಸವೇ ಇರಲಿಲ್ಲ. ಹಲ್ಲಿಗೂ ಇಲ್ಲ, ನಾಲಿಗೆಗೂ ಇಲ್ಲ. ಗುರುವಾರ ಇಬ್ಬರು ಬಾರದಿದ್ದಕ್ಕೆ, ನಾನು ಯಾರೆಂದು ತೋರಿಸಿಯೇ ಬಿಡುತ್ತೇನೆ ಎಂದು ಒಂದು ಒಲೆಯ ಮುಂದೆ ಕೂತು ಇಪ್ಪತ್ತು ರೊಟ್ಟಿ ಬಡಿದೆ. ಶೆಟ್ಟೆವ್ವ ಎತ್ತರದ ಮಣೆಯ ಮೇಲಿನಿಂದ ಅವುಗಳಲ್ಲಿ ಹದಿಮೂರನ್ನು ದನದ ಬುಟ್ಟಿಗೆ ಎಸೆದಳು. ಯಾರ ಕೈಯವು ಎಂದೂ ಕೇಳಲಿಲ್ಲ. ಬೀರವ್ವ ಮಾತ್ರ ಬೇಕೆಂದೇ ಇಡೀ ಅಂಗಳಕ್ಕೆ ಕೇಳಿಸುವ ಹಾಗೆ ಹದಿಮೂರು ಎಂದು ಎಣಿಸಿದಳು.

ಇಷ್ಟೆಲ್ಲ ನಕ್ಕರೂ ಶನಿವಾರ ಹತ್ತಿರ ಬರುತ್ತಿದ್ದ ಹಾಗೆ ನನ್ನ ಜೀವ ಹಿಡಿಯಷ್ಟಾಯಿತು. ಮಂಜುಳಾಳನ್ನು ಕೇಳಬೇಕು ಎಂದು ದಿನಕ್ಕೆ ಹತ್ತು ಸಲ ಅವಳ ಬಳಿಗೆ ಹೋಗಿ, ಬಿಸಿಲು ಬಹಳ, ನೀರು ಕುಡಿದೆಯಾ ಎಂದು ಕೇಳಿ ತಿರುಗಿ ಬರುತ್ತಿದ್ದೆ. ಇರು ಎಂದು ಅನ್ನಬಹುದಿತ್ತು. ನಾನು ಅಂದರೆ ಅವಳು ಇದ್ದರೂ ಇರುವಳು, ಒಂಬತ್ತು ವರ್ಷ ಇದ್ದ ಹಾಗೆ. ಆದರೆ ಅದು ಅವಳ ಚೀಟಿ. ಮಲಕಾಜಪ್ಪನವರು ಫೋನು ಮಾಡಿ, ಒಂದು ಉಪಾಯ ಹೇಳಲೇ ಎಂದು ಕೇಳಿದರು. ಬಹಳ ಆಸೆಯಾಯಿತು, ಆದರೂ ಬೇಡ ಎಂದೆ.

ಶನಿವಾರ ಬೆಳಿಗ್ಗೆ ಮಂಜುಳಾ ನನ್ನ ಮೇಜಿನ ಮುಂದೆ ನಿಂತೇ ಕೃಷ್ಣಾಜಿಯವರಿಗೆ ಫೋನು ಹಚ್ಚಿದಳು. ನೀವು ಒಳ್ಳೆಯ ಮಾತಾಡಿದಿರಿ, ಉಪಕಾರ ಮರೆಯುವುದಿಲ್ಲ, ಆದರೆ ನಾನು ಬರುವುದಿಲ್ಲ ಎಂದಳು. ಆ ಕಡೆಯಿಂದ ಅವರು ಎರಡು ನಿಮಿಷ ಪ್ರವಚನ ಮಾಡಿದರು, ಇವಳು ಹೂಂ, ಹೂಂ ಎಂದು ಕೇಳಿ ಇಟ್ಟಳು. ಅವಳು ನಿಂತೇ ಇದ್ದಳು. ಇಂದಿನಿಂದ ಗಾಡಿ ಹತ್ತಕ್ಕೆ ಹೊರಡುತ್ತದೆ, ನೀವು ಊರಲ್ಲಿರಿ ಇಲ್ಲದಿರಿ, ನಾನೂ ಅರ್ಜುನನೂ ಮಾತಾಡಿ ಹಾಗೆಂದು ನಿಶ್ಚಯ ಮಾಡಿದ್ದೇವೆ ಎಂದಳು. ಹದಿನಾಲ್ಕು ವರ್ಷದ ಚಾಳಿ ಎಲ್ಲಿ ಹೋದೀತು, ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

“ಕೇಳಾಕ ಬಂದಿಲ್ರಿ ಅಕ್ಕಾರ, ಹೇಳಾಕ ಬಂದೇನಿ.”

ಅದರಲ್ಲಿ ಸೆಡವೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಇರುವವಳು ಆಡುವ ಮಾತು ಅದು, ಹೋಗುವವಳು ಆಡುವುದಲ್ಲ. ನನಗೆ ಅಳು ಬಂತು, ಸೆರಗಿನಿಂದ ಒರೆಸಿಕೊಂಡೆ, ಅವಳು ನೋಡಿಯೂ ನೋಡದ ಹಾಗೆ ನಿಂತಿದ್ದಳು. ಆತು ಎಂದೆ. ಅವಳು ಹೋಗಿ ಬುಟ್ಟಿ ಏರಿಸತೊಡಗಿದಳು.